ನ್ಯಾಯಕ್ಕೆ ಬಂದ ಪುಸ್ತಕ

ಹೊಣಕೆರೆ ಹೋಬಳಿಯ ನಮ್ಮೂರಿನಲ್ಲಿ ಗ್ರಂಥಾಲಯವೆಂದರೆ ಹಾಲಿನ ಡೇರಿಯ ಪಕ್ಕದ ಒಂದು ಕೋಣೆ. ಅದನ್ನು ನೋಡಿಕೊಳ್ಳುತ್ತಿದ್ದವನು ಕುಳ್ಳಯ್ಯ. ಹೆಸರು ಕುಳ್ಳಯ್ಯನಾದರೂ ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬರಲಾಗದಷ್ಟು ಎತ್ತರದ ಆಳು. ಮೊದಲು ಸಂತೆಯಲ್ಲಿ ಹಗ್ಗ ಮಾರುತ್ತಿದ್ದ. ಪುಸ್ತಕ ಹರಿದರೆ ಹಗ್ಗ ಹೊಸೆದ ಆ ಕೈಯಿಂದಲೇ ನಾರು ಹಾಕಿ ಹೊಲಿಯುತ್ತಿದ್ದ. ಬೀರುವಿಗೆ ಬೀಗ ಮಾತ್ರ ಹಾಕಿದವನಲ್ಲ. "ಬೀಗ ಹಾಕಕ್ಕೆ ಇದೇನ್ ಕುರಿದೊಡ್ಡಿಯಾ?" ಎನ್ನುತ್ತಿದ್ದ. ಹಾಲು ಹಾಕಲು ಬಂದವರು ಸರದಿ ಬರುವ ತನಕ ಯಾವ ಪುಸ್ತಕವನ್ನಾದರೂ ತೆಗೆದು ಓದಬಹುದಿತ್ತು. ಶಾಲೆಯ ಮೆಟ್ಟಿಲು ಹತ್ತದೆ, ಎಮ್ಮೆ ಮೇಯಿಸುತ್ತ ಮರಳಿನ ಮೇಲೆ ಅಕ್ಷರ ತಿದ್ದಿಕೊಂಡ ನಾನು ಅರ್ಧ ಬೀರು ಓದಿ ಮುಗಿಸಿದ್ದು ಅಲ್ಲಿಯೇ.

ತೊಂಬತ್ತನಾಲ್ಕರ ಬೇಸಿಗೆಯಲ್ಲಿ ಪಂಚಾಯಿತಿ ಸದಸ್ಯ ನಿಂಗರಾಜು ಒಂದು ಕಥೆ ಪುಸ್ತಕ ತಿರುವಿ ಹಾಕಿದ. ಅದರಲ್ಲೊಬ್ಬ ಪಟೇಲ ಕೆರೆಯ ತೂಬು ಎತ್ತಿ ಊರವರ ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಳ್ಳುತ್ತಾನೆ. ನಿಂಗರಾಜುವಿನ ತೀರಿಹೋದ ಅಪ್ಪನೂ ಪಟೇಲನಾಗಿದ್ದವನೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ನಮ್ಮಪ್ಪನ ಮಾನ ಕಳ್ದವ್ರೆ. ಇದ್ನ ಒಲೆಗ್ ಹಾಕು ಕುಳ್ಳಯ್ಯ. ಇಲ್ದಿದ್ರೆ ಈ ಕ್ವಾಣೆಗೇ ಬೀಗ ಜಡಿಸ್ತೀನಿ!"

"ಬರ್ದೋನು ಯಾವ್ ಸೀಮೆಯೋನೋ, ನಿಂಗ್ರಾಜಣ್ಣ. ನಿಮ್ಮಪ್ಪಾರ ಮಕಾನೇ ಕಂಡಿರಾಕಿಲ್ಲ."

"ಅಂಗಾರೆ ನಮ್ ತೂಬಿನ್ ವಿಚಾರ ಅವ್ನಿಗೆಂಗ್ಲಾ ಗೊತ್ತಾಯ್ತು?"

ಈ ಪುಸ್ತಕ ಕೊಟ್ಟರೆ ನಾಳೆ ಇನ್ನೊಬ್ಬ ಇನ್ನೊಂದನ್ನು ಕೇಳುತ್ತಾನೆ. ಕೊಡದಿದ್ದರೆ ಕೋಣೆಯೇ ಹೋಗುತ್ತದೆ. ಕುಳ್ಳಯ್ಯ ಗಾಣದ ಎತ್ತಿನಂತೆ ಬೀರುವಿನ ಸುತ್ತಲೇ ಸುತ್ತಿದ.

ಭಾನುವಾರ ಬೆಳಗ್ಗೆ ನಿಂಗರಾಜುವಿನ ದೂರಿನ ಮೇಲೆ ಪುಸ್ತಕ ಅರಳಿಕಟ್ಟೆಗೆ ನ್ಯಾಯಕ್ಕೆ ಬಂತು. ತೀರ್ಪು ಹೇಳಲು ಕುಳಿತ ಮೂವರಲ್ಲಿ ನಾನೂ ಒಬ್ಬ. ತಪ್ಪು ಹೊತ್ತವನ ಮಾತು ಪೂರಾ ಕೇಳದೆ ತೀರ್ಪು ಹೇಳಕೂಡದು ಎಂಬುದು ನಮ್ಮ ಕಟ್ಟೆಯ ಕಟ್ಟಳೆ. ಕೋಳಿ ಕದ್ದವನಿಗೂ ಆ ಹಕ್ಕುಂಟು. ಪುಸ್ತಕಕ್ಕೆ ಬಾಯಿ ಎಲ್ಲಿಂದ ತರುವುದೆಂದು ಮುಖ ಮುಖ ನೋಡಿಕೊಂಡೆವು.

ಆಗ ನಿಂಗರಾಜುವಿನ ತಾಯಿ ಸೋಮಮ್ಮ ಹಿಂದಿನಿಂದ ಹೇಳಿದಳು: "ಕುಳ್ಳಯ್ಯ ಓದ್ಲಿ. ನನ್ ಗಂಡನ್ ಮ್ಯಾಲೆ ಬರ್ದವ್ರೆ ಅಂದ್ರೆ ನಾನ್ ಕೇಳ್ಬ್ಯಾಡ್ವಾ?"

"ಅವ್ವಾ, ನೀ ಸುಮ್ಕಿರು."

"ನೀ ಸುಮ್ಕಿರ್ಲಾ!"

ಕುಳ್ಳಯ್ಯ ಓದಿದ. ಒಬ್ಬಿಬ್ಬರು ತಿರುವುತ್ತಿದ್ದ ಪುಸ್ತಕವನ್ನು ಊರಿಗೆ ಊರೇ ಕೇಳಿತು. ಪಟೇಲ ತೂಬು ಎತ್ತುವ ಜಾಗ ಬಂದಾಗ ಸೋಮಮ್ಮ ಕೈ ಎತ್ತಿದಳು.

"ಇವ್ನು ನನ್ ಗಂಡ ಅಲ್ಲ ಬುಡಿ. ಇವ್ನು ಒಂದಿನ ಎತ್ತವ್ನೆ. ನಮ್ಮೋನು ಮೂರು ಬ್ಯಾಸ್ಗೆ ಎತ್ತಿದ. ಬುತ್ತಿ ಹೊತ್ಕೊಂಡ್ ಹೋದೋಳು ನಾನೇ."

ನಗಬೇಕೋ ಬೇಡವೋ ಕಟ್ಟೆಗೆ ತಿಳಿಯಲಿಲ್ಲ. ಪಟೇಲ ಬೇರೆಯವನಾದರೆ ಪುಸ್ತಕದ ತಪ್ಪಿಲ್ಲ. ಆದರೆ ಪುಸ್ತಕ ಹೇಳದ್ದನ್ನು ಹೆಂಡತಿಯೇ ಹೇಳಿದಳಲ್ಲ, ಅದನ್ನು ಯಾವ ಒಲೆಗೆ ಹಾಕುವುದು? ನಾವು ಮೂವರೂ ಪಂಚೆ ಕೊಡವಿಕೊಂಡು ಎದ್ದೆವು.

"ಪುಸ್ತಕ ಏನ್ಮಾಡ್ಲಿ ಸ್ವಾಮಿ?" ಎಂದು ಕುಳ್ಳಯ್ಯ ಕೂಗಿದ. ಯಾರೂ ತಿರುಗಲಿಲ್ಲ. ನಾನೂ ತಿರುಗಲಿಲ್ಲ.

ಮೂರು ದಿನ ಅವನು ಅದನ್ನು ಬೀರುವಿನಲ್ಲೂ ಇಡಲಿಲ್ಲ, ಒಲೆಗೂ ಹಾಕಲಿಲ್ಲ. ಕಂಕುಳಲ್ಲಿ ಇರುಕಿಕೊಂಡೇ ಓಡಾಡಿದ. "ತೀರ್ಪು ಏನಾಯ್ತಣ್ಣ?" ಎಂದು ನನ್ನನ್ನೇ ಕೇಳಿದ. ಗೊತ್ತಿದ್ದರೆ ಹೇಳುತ್ತಿರಲಿಲ್ಲವೆ?

ನಾಲ್ಕನೆಯ ದಿನ ಬೆಳಗ್ಗೆ ಸೋಮಮ್ಮ ಹಾಲು ಹಾಕಿ ಬಂದು ಗ್ರಂಥಾಲಯದ ಹೊಸ್ತಿಲ ಮೇಲೆ ಕುಳಿತಳು.

"ಆ ಪಟೇಲನ್ ಹೆಂಡ್ತಿ ಏನಂದ್ಲು? ಅದ್ನ ಓದ್ದೆ ನಿಲ್ಲಿಸ್ಬುಟ್ಯಲ್ಲ."

"ಓದ್ಬೋದಾ ಅವ್ವಾ?"

"ಅದ್ನ ನನ್ನ ಕೇಳ್ತಿಯಾ?"

ಕುಳ್ಳಯ್ಯ ಕಂಕುಳಿಂದ ಪುಸ್ತಕ ತೆಗೆದು ಓದತೊಡಗಿದ. ಆಚೆ ನಿಂಗರಾಜು ಖಾಲಿ ಕ್ಯಾನು ಹಿಡಿದು ನಿಂತಿದ್ದ. ಒಳಗೆ ಬರಲೂ ಇಲ್ಲ, ಮನೆಗೆ ಹೋಗಲೂ ಇಲ್ಲ. ಓದಿ ಮುಗಿಸಿದ ಕುಳ್ಳಯ್ಯ ಪುಸ್ತಕವನ್ನು ಬೀರುವಿನಲ್ಲಿ ಮೊದಲಿದ್ದ ಜಾಗಕ್ಕೆ ತುರುಕಿ, ಅಪ್ಪಣೆ ಕೇಳುವವನಂತೆ ಅವನತ್ತ ನೋಡಿದ.

ನಿಂಗರಾಜು ಕ್ಯಾನನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡ. ಬೇಡ ಎನ್ನಲಿಲ್ಲ. ಆಗಲಿ ಎಂದೂ ಅನ್ನಲಿಲ್ಲ.