ಒಬ್ಬನೇ ಸದಸ್ಯನ ಗ್ರೂಪು

ನನ್ನ ಫೋನಿನಲ್ಲಿ ಒಂದು ವಾಟ್ಸಾಪ್ ಗ್ರೂಪಿದೆ. ಅದರಲ್ಲಿ ನಾನೊಬ್ಬನೇ ಸದಸ್ಯ, ನಾನೇ ಅಡ್ಮಿನ್. ಶುಭೋದಯದ ಗುಲಾಬಿಯಾಗಲಿ, ರಾಜಕೀಯದ ಜಗಳವಾಗಲಿ ಅಲ್ಲಿಗೆ ಬರುವುದಿಲ್ಲ. ಇಂಥ ಶಿಸ್ತಿನ ಗ್ರೂಪು ಇಡೀ ಹಾಸನ ಜಿಲ್ಲೆಯಲ್ಲಿ ಇನ್ನೊಂದಿಲ್ಲ ಎಂದು ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ.

ಅದರ ಹೆಸರು 'ಆಗಬೇಕಾದ್ದು'. ಕೆಲಸ ನೆನಪಾದ ಕೂಡಲೇ ಅಲ್ಲಿ ಬರೆದು ಹಾಕುತ್ತೇನೆ: ಗ್ಯಾಸ್ ಬುಕ್ ಮಾಡಬೇಕು, ಹಲ್ಲಿನ ಡಾಕ್ಟರನ್ನು ನೋಡಬೇಕು, ಹಳ್ಳಿಮೈಸೂರಿನ ಗೆಳೆಯನ ಕೊಡೆ ಹಿಂದಿರುಗಿಸಬೇಕು. ಬೆಳಿಗ್ಗೆ ಹೊಳೆನರಸೀಪುರದಲ್ಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೆ, ಹಾಸನದ ನನ್ನ ಕಾಲೇಜು ಬರುವಷ್ಟರಲ್ಲಿ ಫೋನಿನಲ್ಲೇ ಆಗುವಂಥವು ಒಂದೊಂದಾಗಿ ವಿಲೇವಾರಿ. ಮುಗಿದದ್ದನ್ನು ಅಳಿಸುತ್ತೇನೆ. ಮುಗಿಯದ್ದನ್ನು ಮಾರನೆಯ ದಿನ ಮತ್ತೊಮ್ಮೆ ಬರೆಯಬೇಕು. ಅದು ನನಗೆ ನಾನೇ ಹಾಕಿಕೊಂಡ ಶಿಕ್ಷೆ. ಗಣಿತದ ಮೇಷ್ಟ್ರಲ್ಲವೇ, ಶೇಷ ಸೊನ್ನೆ ಬಂದರೆ ಆಗುವ ಸುಖವೇ ಬೇರೆ. ಖಾಲಿ ಪರದೆಯನ್ನು ಸಹೋದ್ಯೋಗಿಗಳಿಗೆ ತೋರಿಸಿ ಮೆರೆದದ್ದೂ ಉಂಟು.

ಆದರೆ ಗ್ರೂಪು ಹುಟ್ಟಿದ ಕತೆ ಮೆರೆಯುವಂಥದ್ದಲ್ಲ. ಒಬ್ಬನೇ ಗ್ರೂಪು ಮಾಡಲು ಹೋದರೆ ಫೋನು ಒಪ್ಪಲಿಲ್ಲ, ಇನ್ನೊಬ್ಬರು ಬೇಕೆಂದಿತು. ಹೆಸರುಗಳ ಪಟ್ಟಿಯಲ್ಲಿ ಮೊದಲು ಸಿಕ್ಕವಳು ಅರಕಲಗೂಡಿನ ನನ್ನ ಅಕ್ಕ. ಸೇರಿಸಿದೆ, ಗ್ರೂಪು ಆಯಿತು, ತೆಗೆದೆ. ತಮ್ಮ ತನ್ನನ್ನು ಆಚೆ ಹಾಕಿದ ಎಂಬ ಸಾಲನ್ನು ಅವಳು ಓದಿ ಮುಖ ಊದಿಸಿಕೊಂಡಿದ್ದಾಳೆಂದು ಭಾವ ಹೇಳಿ ಗೊತ್ತಾಯಿತು.

'ಅಕ್ಕನ ಹತ್ತಿರ ಮಾತಾಡಬೇಕು' ಎಂದು ಗ್ರೂಪಿನಲ್ಲಿ ಬರೆದೆ. ಗ್ಯಾಸ್ ಬಂತು, ಹಲ್ಲು ಹೋಯಿತು, ಕೊಡೆ ತಲುಪಿತು. ಈ ಸಾಲನ್ನು ಮಾತ್ರ ಒಂಬತ್ತು ದಿನ ಒಂಬತ್ತು ಸಲ ಬರೆದೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ಅವ್ವ ಹೋದ ಮೇಲೆ ನನ್ನನ್ನು ಗದರುವ ಹಕ್ಕಿರುವವಳು ಅವಳೊಬ್ಬಳೇ. ಅವಳೂ ಗದರುವುದನ್ನು ನಿಲ್ಲಿಸಿಬಿಟ್ಟರೆ ನನಗಿನ್ನಾರು ಎನಿಸಿತ್ತು.

ಹತ್ತನೆಯ ದಿನ ಭಾನುವಾರ. ಅರಕಲಗೂಡಿನ ಬಸ್ಸು ಹತ್ತಿದೆ. ಅಂಗನವಾಡಿ ಟೀಚರಾದ ಅಕ್ಕ ಅವರೆಕಾಯಿ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ಇಪ್ಪತ್ತು ಗ್ರೂಪಲ್ಲಿವ್ನಿ ನಾನು. ಯಾರೂ ತೆಗ್ದಿಲ್ಲ. ಒಡುಟ್ಟಿದೋನು ನೀನು, ಆಚಿಗ್ ಆಕ್ಬುಟ್ಯಲ್ಲಾ."

ಗ್ರೂಪನ್ನು ತೆರೆದು ಫೋನನ್ನೇ ಕೈಗಿಟ್ಟೆ. ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಒಂಬತ್ತೂ ಸಾಲುಗಳನ್ನು ಓದಿದಳು.

"ಒಂಬತ್ ಸಲ ಬರ್ಯೋ ಬದ್ಲು ಒಂದ್ ಸಲ ಫೋನ್ ಮಾಡಕ್ಕೆ ಏನಾಗಿತ್ಲಾ ನಿಂಗೆ? ಮೇಷ್ಟ್ರಂತೆ ಮೇಷ್ಟ್ರು!"

ಗದರಿದಳು! ನನ್ನ ಜೀವ ತಣ್ಣಗಾಯಿತು. ಕೆಲಸ ಮುಗಿಯಿತಲ್ಲ ಎಂದು ಅಭ್ಯಾಸಬಲದಿಂದ ಅಲ್ಲೇ ಕೂತು ಸಾಲುಗಳನ್ನು ಅಳಿಸತೊಡಗಿದೆ. ಎಂಟು ಹೋದವು. ಒಂಬತ್ತನೆಯದರ ಮೇಲೆ ಬೆರಳಿಡುವಾಗ ಅಕ್ಕ ಕೈ ಹಿಡಿದಳು.

"ಅದೊಂದ್ ಇರ್ಲಿ ಬುಡು. ನಾಳಿಕೂ ಮಾತಾಡ್ಬೇಕಲ್ವಾ?"

ಆ ಸಾಲು ಈಗಲೂ ಹಾಗೇ ಇದೆ. ದಿನಾ ಸಂಜೆ ಅಕ್ಕನಿಗೆ ಫೋನ್ ಮಾಡುತ್ತೇನೆ, ಬೈಸಿಕೊಳ್ಳುತ್ತೇನೆ, ಅಳಿಸದೆ ಮಲಗುತ್ತೇನೆ. ಮುಗಿಸಿದ ಕೆಲಸಗಳ ಜಂಬ ನನಗೆ ಇದ್ದೇ ಇದೆ. ಮುಗಿಯದ ಈ ಒಂದರ ಜಂಬ ಅದಕ್ಕಿಂತ ಒಂದು ತೂಕ ಹೆಚ್ಚು.