ಕೊಸರಿಲ್ಲದ ಮಾವಿನಹಣ್ಣು

ವನಜ ಟೀಚರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ನಮ್ಮ ಕೋಡಿ ಊರಿನವರೆಲ್ಲ ಹೇಳುತ್ತಾರೆ. ಇರಲಿ, ನನಗೂ ಕಮ್ಮಿಯಿಲ್ಲ. ಆದರೆ ಅವರ ಸಿಟ್ಟಿಗೆ ಕಾರಣವಿದೆ. ಸಣ್ಣವರಿದ್ದಾಗ, ಮೀನು ಮಾರುವವಳ ಮಗಳು, ವಾಸನೆ ಬರುತ್ತದೆ ಎಂದು ಅವರನ್ನು ಹಿಂದಿನ ಬೆಂಚಿಗೆ ಅಟ್ಟಿದ್ದರಂತೆ. ದೊಡ್ಡವರಾಗಿ ಟೀಚರ್ ಕೆಲಸ ಹಿಡಿದು, ಬೇಕೆಂದೇ ಮೀನುಗಾರರ ಮಕ್ಕಳೂ ಬರುವ ನಮ್ಮ ಸರಕಾರಿ ಶಾಲೆಗೆ ಬಂದರು. ನಾನು ಅವರ ಪಕ್ಕದ ಕ್ಲಾಸಿನ ಮಾಷ್ಟ್ರು, ಭೋಜರಾಜ.

ಒಂದು ವರ್ಷ ಮೂರನೇ ಕ್ಲಾಸಿನವರ ತಲೆಗೆ ಕಳೆಯುವ ಲೆಕ್ಕ ಹತ್ತಲೇ ಇಲ್ಲ. ಟೀಚರ್ ಮೊಬೈಲಿನಲ್ಲಿ ಒಂದು ನಗೆ ವೀಡಿಯೊ ಮಾಡಿದರು. ಅದರಲ್ಲಿ ಮೀನು ಮಾರುವವಳು ನಿಜವಾಗಿಯೂ ಮೀನು ಮಾರುವ ಚಂದ್ರಮತಿ. ಜುಗ್ಗ ಗಿರಾಕಿ ನಾನು. ಬುಟ್ಟಿಯಿಂದ ಒಂದಷ್ಟು ಬಂಗಡೆ ಕೊಂಡು, ಆಮೇಲೆ ಕೊಸರು ಕೇಳುತ್ತೇನೆ. ಮೀನು ಕೊಂಡವರು ಲೆಕ್ಕದ ಮೇಲೊಂದು ಪುಕ್ಕಟೆ ಹಾಕಿಸಿಕೊಳ್ಳದೆ ಎದ್ದು ಹೋದದ್ದು ನಮ್ಮಲ್ಲಿ ಉಂಟೇ? ನನಗೊಂದು, ಬೆಕ್ಕಿಗೊಂದು, ಬೆಕ್ಕಿನ ಮರಿಗೊಂದು. ಪ್ರತಿ ಸಲವೂ ಚಂದ್ರಮತಿ ಉಳಿದದ್ದನ್ನು ಎಣಿಸಿ ಹೇಳುತ್ತಾಳೆ. ಕಡೆಗೆ ಸೊಂಟಕ್ಕೆ ಕೈಯಿಟ್ಟು, "ಹ್ವಾಯ್ ಮಾಷ್ಟ್ರೆ, ಇನ್ ಬುಟ್ಟಿ ಒಂದ್ ಉಳ್ದಿತ್ತ್. ಅದನ್ನೂ ಕೊಸ್ರಿಗೆ ತಕಂಡ್ ಹೋಯ್ನಿ!" ಎನ್ನುತ್ತಾಳೆ. ಮಕ್ಕಳು ಬಿದ್ದು ಬಿದ್ದು ನಕ್ಕರು, ಲೆಕ್ಕವನ್ನೂ ಕಲಿತರು.

ಚಂದ್ರಮತಿಯ ಮಗಳು ದೀಕ್ಷಾ ಅದೇ ಕ್ಲಾಸು. ದಾರಿಯಲ್ಲಿ ತಾಯಿ ಬುಟ್ಟಿ ಹೊತ್ತು ಎದುರಾದರೆ ಗೆಳತಿಯರ ನಡುವೆ ತಲೆ ತಗ್ಗಿಸಿ ದಾಟುತ್ತಿದ್ದ ಹುಡುಗಿ. ವೀಡಿಯೊ ನೋಡಿದ ದಿನ ಬೆಂಚು ಹತ್ತಿ ನಿಂತು, "ಅದ್ ನಮ್ಮಮ್ಮ!" ಎಂದು ಕೂಗಿದಳು. ವನಜ ಟೀಚರ್ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಅವರಿಗೆ ಬೇಕಾದದ್ದು ಅಷ್ಟೇ.

ಅದನ್ನೂ ಉಳಿಸಿಕೊಡಲಿಲ್ಲ ಪುಣ್ಯಾತ್ಮರು. ವೀಡಿಯೊ ವಾಟ್ಸಾಪಿನಲ್ಲಿ ತಿರುಗಿ ಶಿಕ್ಷಣ ಇಲಾಖೆಯ ಒಬ್ಬ ಅಧಿಕಾರಿಯ ಕಣ್ಣಿಗೆ ಬಿತ್ತು. ಶಾಲೆಗೇ ಬಂದರು.

"ಐಡಿಯಾ ಚೆನ್ನಾಗಿದೆ ಟೀಚರ್, ಎಲ್ಲ ಶಾಲೆಗೂ ಕಳಿಸೋಣ. ಆದರೆ ಮೀನು ಬೇಡ, ಕೆಲವರಿಗೆ ಸರಿಹೋಗುವುದಿಲ್ಲ. ಮಾವಿನಹಣ್ಣು ಇಡೋಣ."

"ಮೀನ್ ತಿಂಬ ಮಕ್ಳಿಗೆ ಮೀನಿನ ಲೆಕ್ಕ ಆತಿಲ್ಯಾ ಸಾರ್?" ಎಂದರು ಟೀಚರ್.

ಅಧಿಕಾರಿ ನಕ್ಕು ಹೋದರು. ಮುಂದಿನ ಸಲ ಹೊಸ ವೀಡಿಯೊ ಹಿಡಿದೇ ಬಂದು ಮಕ್ಕಳಿಗೆ ತೋರಿಸಿದರು. ಇಸ್ತ್ರಿ ಮಾಡಿದ ಸೀರೆಯ ಯಾರೋ ಒಬ್ಬಳು, ಪ್ಲಾಸ್ಟಿಕ್ ಮಾವಿನಹಣ್ಣು, ಹಿನ್ನೆಲೆಗೆ ಕೊಳಲು. ಕೊಸರು ಕೇಳುವುದು ಕೆಟ್ಟ ಅಭ್ಯಾಸವಂತೆ, ಅದನ್ನೂ ತೆಗೆದಿದ್ದರು. ನಗು ತಾನಾಗಿಯೇ ಹೋಗಿತ್ತು.

"ಹತ್ತು ಹಣ್ಣಿನಲ್ಲಿ ನಾಲ್ಕು ಮಾರಿದರೆ ಉಳಿದದ್ದೆಷ್ಟು?" ಎಂದು ಅವಳು ಕೇಳಿದಳು. ನಮ್ಮ ಮಕ್ಕಳು ಒಟ್ಟಿಗೇ "ಐದು!" ಎಂದರು. ಕೊಸರು ಕೊಡದೆ ಯಾರಾದರೂ ಮಾರುತ್ತಾರೆಯೇ?

"ಇದೇನಾ ನೀವು ಕಲಿಸಿದ್ದು? ಆ ಹಳೆಯದನ್ನು ಇನ್ನು ತೋರಿಸಬೇಡಿ," ಎಂದು ಅಧಿಕಾರಿ ಮುಖ ಗಂಟುಹಾಕಿಕೊಂಡು ಹೊರಟರು.

ಸಂಜೆ ದೀಕ್ಷಾ ಎದುರು ಬಂದ ತಾಯಿಯನ್ನು ಮತ್ತೆ ತಲೆ ತಗ್ಗಿಸಿ ದಾಟಿ ಹೋದಳು. ನಾನೇ ಕಂಡೆ. ಮೈಯೆಲ್ಲ ಉರಿದುಹೋಯಿತು. ಮೀನು ಆಗದವರು ಮೂಗು ಮುಚ್ಚಿಕೊಳ್ಳಲಿ. ಒಂದು ಮಗುವಿನ ತಾಯಿಯನ್ನು ಅಳಿಸಿಹಾಕಲು ಇವರು ಯಾರು?

ವನಜ ಟೀಚರಿಗೆ ಹೇಳಿದೆ. ಅವರ ಮುಖ ಕೆಂಪಾಯಿತು. ಶನಿವಾರ ಶಾಲೆ ಬಿಟ್ಟದ್ದೇ ಮಕ್ಕಳನ್ನು ಕುಂದಾಪುರದ ಮೀನು ಮಾರ್ಕೆಟ್ಟಿಗೆ ಕರೆದುಕೊಂಡು ಹೋದರು. ತಮ್ಮ ತಾಯಿಯ ಹಳೆ ಬುಟ್ಟಿ ತಂದಿದ್ದರು. ಸೀರೆ ಎತ್ತಿ ಸಿಕ್ಕಿಸಿ ಚಂದ್ರಮತಿಯ ಪಕ್ಕದಲ್ಲೇ ಕುಕ್ಕರಿಸಿದರು.

"ಅಧಿಕಾರಿ ಮೀನು ಬೇಡ ಅಂದಿದ್ರಲ್ಲ ಟೀಚರ್," ಎಂದೆ.

"ನಾನೂ ಮೀನ್ ಮಾರುವಳ ಮಗ್ಳೇ. ನನ್ನನ್ನೂ ಅಳ್ಸಿ ಹಾಕ್ಲಿ, ಕಾಂಬ!" ಎಂದು ಮೊಬೈಲನ್ನು ದೀಕ್ಷಾಳ ಕೈಗೆ ತುರುಕಿದರು. "ನೀನೇ ವೀಡಿಯೊ ತೆಗಿ ಮಗಾ."

ಹುಡುಗಿ ಗೆಳತಿಯರನ್ನು ನೋಡಿದಳು, ಮೊಬೈಲನ್ನು ನೋಡಿದಳು. ಚಂದ್ರಮತಿ ಮಗಳಿಗೆ ಮುಜುಗರವಾದೀತೆಂದು ಮುಖ ಆಚೆ ತಿರುಗಿಸಿಕೊಂಡಿದ್ದಳು. ಮಾರ್ಕೆಟ್ಟಿನ ಗಲಾಟೆಯಲ್ಲಿ ದೀಕ್ಷಾ ಗಂಟಲು ಹರಿಯುವಂತೆ ಕೂಗಿದಳು:

"ಅಮ್ಮಾ! ನಿನ್ ಮುಖ ಕಾಣ್ತಿಲ್ಲೆ! ಈ ಬದಿಗ್ ತಿರ್ಗ್!"