ಪಟದೊಳಗಿನ ಅಜ್ಜ

ನನಗೆ ಚಿತ್ರ ಬರೆಯಲು ಬರುವುದಿಲ್ಲ. ಆದ್ದರಿಂದಲೇ ಚಿತ್ರಗಳ ಅರ್ಥ ಹೇಳುತ್ತೇನೆ. ಚಿಕ್ಕೋಡಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದ ಎಂಬತ್ತರ ದಶಕದಲ್ಲಿ ಈ ಚಟ ಬಲು ಜೋರಾಗಿತ್ತು.

ಕಬ್ಬೂರ ಹತ್ತಿರದ ಒಂದು ಹಳ್ಳಿಯ ಮಠದಲ್ಲಿ, ಅಲ್ಲಿಯ ಸ್ವಾಮಿಗಳಾಗಿದ್ದು ಲಿಂಗೈಕ್ಯರಾದ ಅಜ್ಜನವರ ಬಣ್ಣದ ಪಟವಿತ್ತು. ಬಿಳಿ ಗಡ್ಡ, ಕಾವಿ ಶಾಲು, ಕೊರಳಲ್ಲಿ ರುದ್ರಾಕ್ಷಿ. ಕಣ್ಣು ಮಾತ್ರ ನಮ್ಮನ್ನು ಬಿಟ್ಟು ಬಾಗಿಲಾಚೆ ಎಲ್ಲೋ ನೋಡುತ್ತಿತ್ತು. ವಿದ್ಯಾರ್ಥಿಗಳನ್ನು ಕರೆದೊಯ್ದು, ಇದು ವೈರಾಗ್ಯದ ನೋಟವೆಂದು ಅರ್ಧ ತಾಸು ಕೊರೆದೆ. ಉಪನಿಷತ್ತು, ಅಜಂತಾ, ಯಾವುದನ್ನೂ ಬಿಡಲಿಲ್ಲ. ಮಠದ ಕಸ ಗುಡಿಸುವ ಮುದುಕಿ ಗಂಗವ್ವ, ಹುಡುಗರೆಲ್ಲ ಹೊರಗೆ ಹೋಗುವ ತನಕ ಕಾದು ನಕ್ಕಳು.

“ವೈರಾಗ್ಯ ಅಲ್ರಿ ಸರ, ಎಮ್ಮಿ ಹಿಂಡೂ ಹೊತ್ತ ಮೀರಿತ್ತು. ಅವರು ನಮ್ಮ ಮನ್ಯಾವ್ರು.”

ಅಜ್ಜನವರು ಬದುಕಿರುವಾಗ ಫೋಟೋ ತೆಗೆಸಿಕೊಳ್ಳಲು ಒಪ್ಪಿರಲಿಲ್ಲವಂತೆ. ಅವರನ್ನು ಕಣ್ಣಾರೆ ಕಾಣದ ನಿಪ್ಪಾಣಿಯ ಪೇಂಟರು, ಗಡ್ಡ ಹೊಂದುತ್ತದೆಂದು ಗಂಗವ್ವನ ಗಂಡ ಕಲ್ಲಪ್ಪನಿಗೇ ಶಾಲು ಹೊದಿಸಿ, ಕೂರಿಸಿ ಬರೆದಿದ್ದರು. ಕಲ್ಲಪ್ಪ ಈಗಿಲ್ಲ. ಅವನ ಬೇರೆ ಚಿತ್ರವೂ ಇಲ್ಲ. “ಯಾರ ಮುಂದೂ ಅನಬ್ಯಾಡ್ರಿ” ಎಂದು ಬೇಡಿಕೊಂಡಳು.

ನನ್ನ ವ್ಯಾಖ್ಯಾನ ಮಣ್ಣುಪಾಲಾಯಿತು. ಪಟ ಮಾತ್ರ ಅಂದಿನಿಂದ ಹೆಚ್ಚು ಹಿಡಿಸಿತು. ವಿರಕ್ತರ ಕಣ್ಣಿನ ಆಳ ನಾನೇನು ಬಲ್ಲೆ? ಮನೆಯ ಚಿಂತೆಯ ಕಣ್ಣು ಗೊತ್ತು. ಬಸ್ಸು ತಪ್ಪೀತೆಂದು ಕೊನೆಯ ತರಗತಿಯಲ್ಲಿ ನಾನೂ ಕಿಟಕಿಯಾಚೆ ಹಾಗೆಯೇ ನೋಡುತ್ತಿದ್ದೆ.

ಕೆಲವು ವರ್ಷಗಳ ಮೇಲೆ, ಯಾರೋ ಭಕ್ತರು ಅಜ್ಜನವರಿಗೆ ತಿಳಿಯದಂತೆ ತೆಗೆದಿದ್ದ ಫೋಟೋ ಒಂದು ಸಿಕ್ಕಿತು. ಅದನ್ನು ನೋಡಿ ಹೊಸ ಪಟ ಬರೆಸಿದರು. ಹಳೆಯದನ್ನು ಇಳಿಸಬೇಕೋ ಬೇಡವೋ ಎಂದು ಕೇಳಲು ಊರ ಹಿರಿಯರು ‘ತಿಳಿದವ’ನಾದ ನನ್ನನ್ನು ಕರೆಸಿದರು. ನನಗೋ ಥಟ್ಟನೆ ಉಪಾಯ ಹೊಳೆಯಿತು: ಇಳಿಸಿ ಗಂಗವ್ವನ ಮನೆಗೇ ಕೊಡಿಸಿದರಾಯಿತು! ಸಿಹಿ ಸುದ್ದಿಯೆಂದು ಮೊದಲು ಅವಳಿಗೇ ಹೇಳಿದೆ. ಅವಳ ಕಣ್ಣು ತುಂಬಿತು, ಸಂತೋಷಕ್ಕಲ್ಲ.

“ಮನಿಗೆ ಬ್ಯಾಡ್ರಿ ಸರ. ಜಲ್ಮಪೂರ್ತಿ ಮಂದಿಗೆ ಕೈ ಮುಗಕೋತನ ಬದಕಿದ್ರು. ಇಲ್ಲಿದ್ರ, ಮಂದಿ ಅವರಿಗೆ ಕೈ ಮುಗಿತಾರ.”

ನನ್ನ ಜಾಣತನಕ್ಕೆ ನನಗೇ ನಾಚಿಕೆಯಾಯಿತು. ಹಿರಿಯರ ಮುಂದೆ ಹೋಗಿ, “ಎರಡೂ ಪಟ ಇರ್ಲಿರಿ. ಯಾಕಂತ ಮಾತ್ರ ಕೇಳಬ್ಯಾಡ್ರಿ” ಎಂದೆ.

ಅವರಲ್ಲಿ ದೊಡ್ಡವರಾದ ಗೌಡರು ನಿಟ್ಟುಸಿರು ಬಿಟ್ಟರು. “ಪಾರ ಮಾಡಿದ್ರಿ ನೋಡ್ರಿ ಸರ! ಕಲ್ಲಪ್ಪನ ಮಾರಿ ನಮಗ ಗುರ್ತ ಸಿಗಂಗಿಲ್ಲೇನ್ರಿ? ತಗೀರಿ ಅನ್ನಾಕ ಯಾರಿಗೂ ಬಾಯಿ ಬರಲಿಲ್ಲ.”

“ಮತ್ತ ಇಷ್ಟ ವರ್ಷ ಕೈ ಮುಗದದ್ದು ಯಾರಿಗ್ರಿ?”

“ಮೊದಲ ಅಜ್ಜಾರಿಗಷ್ಟ ಮುಗೀತಿದ್ವಿ. ಆಮ್ಯಾಲ ಗಂಗವ್ವ ದಿನಾ ಸೆರಗಲೆ ಆ ಪಟ ಒರಸೂದು ನೋಡಿದ್ವಿ. ಅವತ್ತಿಂದ ಇಬ್ಬರಿಗೂ ಮುಗೀತೀವ್ರಿ.”